ಅಮೆರಿಕದಲ್ಲಿ ಮೊದಲ ಕಾರು: ತಿಂಗಳ ಕಂತಿನ ಲೆಕ್ಕಕ್ಕೆ ಬೀಳಬೇಡಿ

ಲೈಸೆನ್ಸ್ ಹೇಗೆ ಮಾಡಿಸೋದು, ಇನ್ಶೂರೆನ್ಸ್ ಯಾಕೆ ಬೇಕು, ರಸ್ತೆಯ ಬಲಗಡೆ ಓಡಿಸಬೇಕು ಅನ್ನೋದೆಲ್ಲ ಇಲ್ಲಿಗೆ ಬರುವ ಮೊದಲೇ ಎಲ್ಲರಿಗೂ ಗೊತ್ತಿರುತ್ತದೆ. ಅದನ್ನು ಬಿಡುತ್ತೇನೆ. ನಾನು ಬರೆಯುತ್ತಿರುವುದು ದುಡ್ಡು ಸೋರುವ ಜಾಗದ ಬಗ್ಗೆ. ಹೊಸದಾಗಿ ಬಂದ ನಮ್ಮವರು ಒಬ್ಬರಾದ ಮೇಲೊಬ್ಬರು ಕಾರು ಡೀಲರ್ ಎದುರಿನ ಅದೇ ಕುರ್ಚಿಯಲ್ಲಿ ಕೂತು, ಅದೇ ಥರದ ಸಾಲದ ಕಾಗದಕ್ಕೆ ಸಹಿ ಹಾಕಿ ಬರುತ್ತಿದ್ದಾರೆ. ನಾನೂ ಆ ಕುರ್ಚಿಯಲ್ಲಿ ಕೂತು ಬಂದವನೇ. ನೋಡಿಕೊಂಡು ಸುಮ್ಮನಿರಲು ಆಗುತ್ತಿಲ್ಲ.

ಮೊದಲು ಬೆಲೆ. ಟೊಯೊಟಾ ಕ್ಯಾಮ್ರಿಯನ್ನೇ ತೆಗೆದುಕೊಳ್ಳಿ. ಎರಡೂ ದೇಶಗಳಲ್ಲಿ ಈಗ ಅದು ಹೈಬ್ರಿಡ್ ಆಗಿ ಮಾತ್ರ ಬರುತ್ತದೆ. ಇಂಜಿನ್ ಕೂಡ ಅದೇ ಎರಡೂವರೆ ಲೀಟರಿನದು. 2024ರ ಡಿಸೆಂಬರಿನಲ್ಲಿ ಭಾರತದಲ್ಲಿ ಬಿಡುಗಡೆಯಾದಾಗ ಎಕ್ಸ್ ಶೋರೂಂ ಬೆಲೆ 48 ಲಕ್ಷ ಇತ್ತು. ಇಲ್ಲಿ 2025ರಲ್ಲಿ ಬೇಸ್ ಮಾಡೆಲ್ಲಿಗೆ 28-29 ಸಾವಿರ ಡಾಲರ್, ಅಂದರೆ ಹತ್ತಿರ ಹತ್ತಿರ 25 ಲಕ್ಷ ರೂಪಾಯಿ. ನಮ್ಮ ಬಿಡದಿಯಲ್ಲೇ ಜೋಡಿಸಿದ ಕಾರಿಗೆ ಇಲ್ಲಿಯ ಎರಡು ಪಟ್ಟು ಬೆಲೆ! ದೊಡ್ಡ ಕಾರಣ ತೆರಿಗೆ. ಆಗ ಅಂಥ ಕಾರಿಗೆ ಜಿಎಸ್‌ಟಿ ಮತ್ತು ಸೆಸ್ ಸೇರಿ ಶೇ. 43 ಇತ್ತು. ಅದರ ಮೇಲೆ ಕರ್ನಾಟಕದಲ್ಲಿ 20 ಲಕ್ಷ ದಾಟಿದ ಕಾರಿಗೆ ಲೈಫ್ ಟ್ಯಾಕ್ಸ್ ಶೇ. 18. ಇಲ್ಲಿ ಟೆಕ್ಸಾಸ್‌ನಲ್ಲಿ ಶೇ. 6.25, ಆರೆಗಾನ್ ಮತ್ತು ಮೊಂಟಾನಾದಲ್ಲಿ ಸೇಲ್ಸ್ ಟ್ಯಾಕ್ಸ್ ಇಲ್ಲವೇ ಇಲ್ಲ. ಹಾಗಂತ ಟ್ಯಾಕ್ಸ್ ಉಳಿಸಲು ಆರೆಗಾನಿಗೆ ಹೋಗಿ ಕಾರು ತರಬೇಡಿ. ಕಾರು ಎಲ್ಲಿ ರಿಜಿಸ್ಟರ್ ಆಗುತ್ತದೋ ಅಲ್ಲಿಯ ಟ್ಯಾಕ್ಸ್ ಕಟ್ಟಲೇಬೇಕು.

ಆದರೆ ಅವೆರಡೂ ಪೂರ್ತಿ ಒಂದೇ ಕಾರಲ್ಲ. ಭಾರತದ ಕ್ಯಾಮ್ರಿಯಲ್ಲಿ ಹಿಂದಿನ ಸೀಟು ಒರಗುತ್ತದೆ, ಹಿಂದಿನ ಕೈಯೊರಗಿನಲ್ಲೇ ಏಸಿ, ಮ್ಯೂಸಿಕ್ ಬಟನ್‌ಗಳಿವೆ. ಮಾಲೀಕ ಹಿಂದೆ ಕೂರುತ್ತಾನೆ, ಮುಂದೆ ಡ್ರೈವರ್ ಇರುತ್ತಾನೆ ಅನ್ನೋ ಲೆಕ್ಕದಲ್ಲಿ ಮಾಡಿದ್ದು ಅದು. ಇಲ್ಲಿಯ ಬೇಸ್ ಮಾಡೆಲ್ಲಿನಲ್ಲಿ ಬಟ್ಟೆ ಸೀಟು, ಹಿಂದೆ ಕೂತವರಿಗೆ ಅಂಥ ಉಪಚಾರ ಏನೂ ಇಲ್ಲ. ಊರಲ್ಲಿ ಹನ್ನೆರಡು ಲಕ್ಷದ ಕಾರಿನಲ್ಲೂ ಬಟನ್ ಒತ್ತಿದರೆ ಕನ್ನಡಿ ಮಡಚಿಕೊಳ್ಳುತ್ತದೆ. ಇಲ್ಲಿ ಅದರ ಎರಡರಷ್ಟು ಕೊಟ್ಟರೂ ಎಷ್ಟೋ ಕಾರುಗಳಲ್ಲಿ ಕೈಯಲ್ಲೇ ಮಡಚಬೇಕು. ಹೊಸಬರಿಗೆ ಇದು ಮೋಸ ಅನ್ನಿಸುತ್ತದೆ. ಅಲ್ಲ. ಇಲ್ಲಿ ದುಡ್ಡು ಕಣ್ಣಿಗೆ ಕಾಣದ ಕಡೆ ಹೋಗಿರುತ್ತದೆ. 2012ರ ಮಾಡೆಲ್ಲಿನಿಂದ ಎಲ್ಲ ಕಾರಿಗೂ ಸ್ಟೆಬಿಲಿಟಿ ಕಂಟ್ರೋಲ್, ಅಂದರೆ ಕಾರು ಜಾರಿ ಹತೋಟಿ ತಪ್ಪದ ಹಾಗೆ ನೋಡಿಕೊಳ್ಳುವ ವ್ಯವಸ್ಥೆ, ಕಡ್ಡಾಯ. 2018ರ ಮೇ ತಿಂಗಳಿಂದ ಹಿಂದಿನ ಕ್ಯಾಮೆರಾ ಕಡ್ಡಾಯ. ನಮ್ಮಲ್ಲಿ ಮುಂದಿನ ಎರಡು ಏರ್‌ಬ್ಯಾಗ್ ಎಲ್ಲ ಕಾರಿಗೂ ಕಡ್ಡಾಯ ಆಗಲು 2022 ಬರಬೇಕಾಯಿತು. 2023ರ ಅಕ್ಟೋಬರಿನಿಂದ ಆರು ಏರ್‌ಬ್ಯಾಗ್ ಕಡ್ಡಾಯ ಅಂತ ಸರ್ಕಾರದವರು ಹೇಳಿ ಕೊನೆಗೆ ಕೈಬಿಟ್ಟರು. ಅದೇ ತಿಂಗಳು ಶುರುವಾದ, ಕಾರನ್ನು ಗುದ್ದಿಸಿ ನೋಡಿ ಸುರಕ್ಷತೆಗೆ ಸ್ಟಾರ್ ಕೊಡುವ ಭಾರತ್ ಎನ್‌ಕ್ಯಾಪ್ ಒಳ್ಳೆಯ ಹೆಜ್ಜೆ. ಆದರೂ ಸನ್‌ರೂಫಿಗಿಂತ ಮೊದಲು ಜೀವ ಅನ್ನುವ ವಿಷಯದಲ್ಲಿ ಅಮೆರಿಕದ ಪದ್ಧತಿಯೇ ಮೇಲು ಅಂತ ನನ್ನ ಅಭಿಪ್ರಾಯ.

ಕನ್ನಡಿಯ ಬಗ್ಗೆ ಇನ್ನೊಂದು ಮಾತು. ಇಲ್ಲಿಯ ಕಾರಿನ ಬಲಗಡೆ ಕನ್ನಡಿಯ ಮೇಲೆ, ವಸ್ತುಗಳು ಕಾಣುವುದಕ್ಕಿಂತ ಹತ್ತಿರದಲ್ಲಿವೆ ಅಂತ ಬರೆದಿರುತ್ತದೆ. ಎಡಗಡೆಯದ್ದರ ಮೇಲೆ ಇರುವುದಿಲ್ಲ. ಯಾಕೆಂದರೆ ಡ್ರೈವರ್ ಕಡೆಯ ಕನ್ನಡಿ ಚಪ್ಪಟೆಯಾಗಿರಬೇಕು ಅಂತ ಇಲ್ಲಿಯ ನಿಯಮ. ಊರಿನ ಉಬ್ಬು ಕನ್ನಡಿಗೆ ಹೊಂದಿಕೊಂಡ ಕಣ್ಣಿಗೆ ಇದರಲ್ಲಿ ದೂರ ಸರಿಯಾಗಿಯೇ ಕಾಣುತ್ತದೆ, ಆದರೆ ಪಕ್ಕದ ಲೇನಿನ ಕಾರು ಪೂರ್ತಿ ಮಾಯ. ಲೇನ್ ಬದಲಿಸುವ ಮುಂಚೆ ಎಡಭುಜದ ಮೇಲಿಂದ ತಿರುಗಿ ನೋಡಲೇಬೇಕು. ಹಾಗೆ ಕಾಣದ ಕಾರಿನ ಬಗ್ಗೆ ಎಚ್ಚರಿಸುವ ಬ್ಲೈಂಡ್ ಸ್ಪಾಟ್ ಅಲರ್ಟ್ ಇರುವ ಮಾಡೆಲ್ಲಿಗೆ ಸ್ವಲ್ಪ ಜಾಸ್ತಿ ಕೊಟ್ಟರೂ ಅದು ದಂಡ ಅಲ್ಲ.

ಕೊಂಡವರು ಎಷ್ಟು ಖುಷಿಯಾಗಿದ್ದಾರೆ ಅನ್ನುವ ಸರ್ವೆಗಳನ್ನು ನೋಡುವಾಗ ಸರ್ವೆಯವರು ಕೇಳಿದ್ದೇನು ಅಂತ ಮೊದಲು ನೋಡಿ. ಜೆ.ಡಿ. ಪವರ್ ಅನ್ನುವ ಸರ್ವೆ ಕಂಪನಿಯ ಒಂದು ಸರ್ವೆ ಮೊದಲ 90 ದಿನದ ತೊಂದರೆಗಳನ್ನು ಎಣಿಸುತ್ತದೆ. ಅದರಲ್ಲಿ ಗೇರ್‌ಬಾಕ್ಸ್ ಕೆಟ್ಟರೂ ಒಂದು ದೂರು, ಫೋನ್ ಕನೆಕ್ಟ್ ಆಗದಿದ್ದರೂ ಒಂದು ದೂರು. ಅವರದ್ದೇ ಇನ್ನೊಂದು ಸರ್ವೆ ಮೂರು ವರ್ಷ ಹಳೆಯ ಕಾರಿನದು. ನಮಗೆ ಕೆಲಸಕ್ಕೆ ಬರೋದು ಇದು. ಕನ್ಸ್ಯೂಮರ್ ರಿಪೋರ್ಟ್ಸ್ ಅನ್ನುವ ಗ್ರಾಹಕರ ಸಂಸ್ಥೆ ಜಾಹೀರಾತು ತೆಗೆದುಕೊಳ್ಳುವುದಿಲ್ಲ, ಕಾರನ್ನೂ ತಾನೇ ದುಡ್ಡು ಕೊಟ್ಟು ಕೊಂಡು ಪರೀಕ್ಷೆ ಮಾಡುತ್ತದೆ. ಅದೇ ಕಾರನ್ನು ಮತ್ತೆ ಕೊಳ್ತೀರಾ ಅಂತ ಮಾಲೀಕರನ್ನು ಕೇಳುತ್ತದೆ. ಪದೇ ಪದೇ ರಿಪೇರಿಗೆ ಹೋಗುವ ಕಾರನ್ನೂ ಜನ ಪ್ರೀತಿಸುತ್ತಾರೆ, ಹಾಗಾಗಿ ಖುಷಿ ಬೇರೆ, ಬಾಳಿಕೆ ಬೇರೆ. ಊರಲ್ಲಿ ಮೈಲೇಜ್, ಸರ್ವಿಸ್ ಸೆಂಟರ್, ರೀಸೇಲ್ ಮೇಲೆ ತೃಪ್ತಿ ನಿಂತಿರುತ್ತದೆ. ಅಲ್ಲಿ ಹೆಸರು ಮಾಡಿದ ಕಂಪನಿ ಇಲ್ಲೂ ಹಾಗೇ ಅಂದುಕೊಳ್ಳಬೇಡಿ.

ಇಷ್ಟು ಹೇಳಿದ ಮೇಲೂ, ಇಲ್ಲಿ ನಮ್ಮವರ ಬಾಯಲ್ಲಿ ನಾನು ಕೇಳುವ ಬೇಸರ ಕಾರಿನದ್ದಲ್ಲ. ಸಾಲದ್ದು.

‘ತಿಂಗಳಿಗೆ ಎಷ್ಟು ಕಟ್ಟಬಹುದು ಅಂತಿದ್ದೀರಿ?’ ಟೆಸ್ಟ್ ಡ್ರೈವ್ ಮುಗಿದು ಕೂತ ಕೂಡಲೇ ಬರುವ ಪ್ರಶ್ನೆ ಇದು. ಉತ್ತರ ಕೊಡಬೇಡಿ. ಇಎಂಐ ಲೆಕ್ಕ ನಮ್ಮ ರಕ್ತದಲ್ಲೇ ಇರುವುದರಿಂದ ಬಾಯಿಗೆ ತಟ್ಟನೆ ಒಂದು ಸಂಖ್ಯೆ ಬರುತ್ತದೆ. 470 ಅಂದಿರಿ ಅನ್ನಿ. ಆಮೇಲೆ ಕಾರಿನ ಬೆಲೆ, ಬಡ್ಡಿ, ಅವಧಿ ಮೂರನ್ನೂ ಅವರು ಬೇಕಾದ ಹಾಗೆ ಅಲುಗಾಡಿಸಬಹುದು. ನಿಮ್ಮ 470 ಮಾತ್ರ ಅಲ್ಲೇ ನಿಂತಿರುತ್ತದೆ, ನಿಮಗೆ ಸಮಾಧಾನವೂ ಆಗಿರುತ್ತದೆ. ಲೆಕ್ಕ ನೋಡಿ. 30 ಸಾವಿರ ಡಾಲರ್ ಸಾಲ, ಶೇ. 6 ಬಡ್ಡಿ, 60 ತಿಂಗಳು: ಕಂತು 580, ಒಟ್ಟು ಕಟ್ಟೋದು ಸುಮಾರು 34,800. ಅದೇ ಸಾಲ ಶೇ. 8ರಲ್ಲಿ 84 ತಿಂಗಳು: ಕಂತು 468, ಒಟ್ಟು ಸುಮಾರು 39,280. ತಿಂಗಳಿಗೆ 112 ಕಡಿಮೆ ಅಂತ ಖುಷಿಪಟ್ಟು ನಾಲ್ಕೂವರೆ ಸಾವಿರ ಡಾಲರ್ ಜಾಸ್ತಿ ಕೊಟ್ಟ ಹಾಗಾಯಿತು.

ಬಡ್ಡಿಯಲ್ಲೂ ಒಂದು ಒಳಸುಳಿ ಇದೆ. ಬ್ಯಾಂಕು ನಿಮಗೆ ಶೇ. 7ಕ್ಕೆ ಕೊಡಲು ಒಪ್ಪಿದ್ದರೂ ಡೀಲರ್ ಕಾಗದದಲ್ಲಿ 8, 9 ಅಂತ ಬರೆಯಬಹುದು. ಮಧ್ಯದ ಹಣದಲ್ಲಿ ಅವರಿಗೂ ಪಾಲು. ಇದು ಕಾನೂನುಬಾಹಿರ ಅಲ್ಲ. ಎಸ್‌ಎಸ್‌ಎನ್ (ಇಲ್ಲಿಯ ಸರ್ಕಾರ ಕೊಡುವ ಸೋಶಿಯಲ್ ಸೆಕ್ಯುರಿಟಿ ನಂಬರ್) ಬಂದು ನಾಲ್ಕು ತಿಂಗಳೂ ಆಗದ, ಕ್ರೆಡಿಟ್ ಹಿಸ್ಟರಿ ಇಲ್ಲದ ನಮ್ಮವರು ‘ಸಾಲ ಸಿಕ್ಕಿದ್ದೇ ಪುಣ್ಯ’ ಅಂತ ಕೇಳದೇ ಒಪ್ಪಿಬಿಡುತ್ತಾರೆ. ಅದಕ್ಕೇ ಶೋರೂಮಿಗೆ ಕಾಲಿಡುವ ಮುಂಚೆ ಒಂದೆರಡು ಕ್ರೆಡಿಟ್ ಯೂನಿಯನ್‌ಗಳಲ್ಲಿ (ನಮ್ಮ ಸಹಕಾರಿ ಬ್ಯಾಂಕಿನ ಥರದವು) ಪ್ರೀಅಪ್ರೂವಲ್, ಅಂದರೆ ಸಾಲಕ್ಕೆ ಮುಂಗಡ ಒಪ್ಪಿಗೆ, ಮಾಡಿಸಿಕೊಳ್ಳಿ. 14 ದಿನದೊಳಗೆ ಎಲ್ಲ ಕಡೆ ಸಾಲ ಕೇಳಿದರೆ ಕ್ರೆಡಿಟ್ ಸ್ಕೋರಿಗೆ ಅದು ಒಂದೇ ವಿಚಾರಣೆಯ ಲೆಕ್ಕ.

ಬೆಲೆ ಒಪ್ಪಿಗೆಯಾದ ಮೇಲೆ ಇನ್ನೊಂದು ಕೋಣೆಗೆ ಕರೆಯುತ್ತಾರೆ, ಅಲ್ಲಿ ಕೂತಿರುವುದು ಫೈನಾನ್ಸ್ ಮ್ಯಾನೇಜರ್. ಅಷ್ಟು ಹೊತ್ತಿಗೆ ನಾಲ್ಕು ಗಂಟೆ ಕಳೆದಿರುತ್ತದೆ, ಹೊಟ್ಟೆ ಹಸಿದಿರುತ್ತದೆ, ಹೊರಗೆ ತೊಳೆದ ಕಾರು ಕಾಯುತ್ತಿರುತ್ತದೆ. ನಮ್ಮ ಅಪಾರ್ಟ್‌ಮೆಂಟಿಗೆ ಹೊಸದಾಗಿ ಬಂದ ಹುಡುಗನೊಬ್ಬ ಹೀಗೇ ಸಹಿ ಹಾಕಿ ಬಂದು, ಖುಷಿಯಿಂದ ಕಾಗದ ತೋರಿಸಿದ. ಎಲ್ಲ ಸೇರಿ 26 ಸಾವಿರ ಚಿಲ್ಲರೆ ಅಂತ ಮಾತಾಗಿತ್ತಂತೆ. ಕಾಗದದ ಮೇಲ್ಭಾಗದಲ್ಲಿ ಸಾಲಾಗಿ ಚೌಕಗಳಿರುತ್ತವೆ: ಬಡ್ಡಿ ದರ, ಒಟ್ಟು ಬಡ್ಡಿ, ಸಾಲದ ಮೊತ್ತ, ಒಟ್ಟು ಕಟ್ಟುವುದು. ಇವು ಇರಲೇಬೇಕು ಅಂತ ಫೆಡರಲ್ ಕಾನೂನು. ಅವನ ಸಾಲದ ಮೊತ್ತದ ಚೌಕದಲ್ಲಿ 30 ಸಾವಿರ ದಾಟಿತ್ತು. ಕೆಳಗೆ ನೋಡಿದರೆ ಸರ್ವಿಸ್ ಕಾಂಟ್ರಾಕ್ಟ್ (ವಾರಂಟಿ ಮುಗಿದ ಮೇಲಿನ ರಿಪೇರಿಗೆ), ಗ್ಯಾಪ್ (ಕಾರು ಪೂರ್ತಿ ಹಾಳಾದರೆ ಇನ್ಶೂರೆನ್ಸ್ ಹಣಕ್ಕೂ ಉಳಿದ ಸಾಲಕ್ಕೂ ನಡುವಿನ ಅಂತರ ತುಂಬುವುದು), ಟೈರು ಮತ್ತು ವೀಲ್ ರಕ್ಷಣೆ, ಗಾಜಿನ ಮೇಲೆ ಕಾರಿನ ಗುರುತಿನ ವಿನ್ ನಂಬರ್ ಕೆತ್ತಿದ್ದಕ್ಕೆ ದುಡ್ಡು. ‘ಅಣ್ಣಾ, ತಿಂಗಳಿಗೆ 60 ಡಾಲರ್ ಜಾಸ್ತಿ ಅಷ್ಟೇ, ಎಲ್ಲರೂ ತಗೋತಾರೆ ಅಂದ್ರು’ ಅಂದ. 60 ಡಾಲರ್ ನಿಜ. ಆದರೆ 84 ತಿಂಗಳು. ಐದು ಸಾವಿರ ಡಾಲರ್.

ಇವುಗಳಲ್ಲಿ ಯಾವುದೂ ಕಡ್ಡಾಯ ಅಲ್ಲ. ಬ್ಯಾಂಕಿನವರೇ ಕೇಳುತ್ತಾರೆ ಅಂತ ಹೇಳಿದರೆ, ಅಲ್ಲೇ ಕೂತು ಬ್ಯಾಂಕಿಗೆ ಫೋನ್ ಮಾಡಿ. ಸಾಲದ ಮೊತ್ತದ ಚೌಕ, ಟ್ಯಾಕ್ಸ್ ಎಲ್ಲ ಸೇರಿ ನೀವು ಒಪ್ಪಿದ ಬೆಲೆಯಿಂದ ಡೌನ್ ಪೇಮೆಂಟ್ ಕಳೆದಷ್ಟೇ ಇದೆಯಾ ನೋಡಿ. ಇಲ್ಲದಿದ್ದರೆ ಪೆನ್ನು ಕೆಳಗಿಡಿ. ಮೂರು ದಿನದೊಳಗೆ ಕಾರು ವಾಪಸ್ ಕೊಡಬಹುದು ಅನ್ನೋದು ನಮ್ಮವರಲ್ಲಿ ಬೇರೂರಿದ ತಪ್ಪು ನಂಬಿಕೆ. ಆ ಫೆಡರಲ್ ನಿಯಮ ಮನೆಬಾಗಿಲಿಗೆ ಬಂದು ಮಾರುವವರಿಗೆ, ಡೀಲರ್ ಹತ್ತಿರ ಕೊಂಡ ಕಾರಿಗೆ ಅನ್ವಯಿಸುವುದಿಲ್ಲ. ಬೆಲೆ ಮುಚ್ಚಿಡದ ಹಾಗೆ, ಬೇಡದ್ದನ್ನು ತುರುಕದ ಹಾಗೆ ಎಫ್‌ಟಿಸಿ ಅನ್ನುವ, ವ್ಯಾಪಾರದ ಮೋಸ ತಡೆಯುವ ಫೆಡರಲ್ ಸಂಸ್ಥೆ ಒಂದು ನಿಯಮ ತಂದಿತ್ತು. 2025ರ ಜನವರಿಯಲ್ಲಿ ಕೋರ್ಟು ಅದನ್ನು ರದ್ದು ಮಾಡಿತು. ನನಗೆ ಇದು ಬೇಸರದ ವಿಷಯ.

ಇನ್ನೊಂದು ಎಚ್ಚರಿಕೆ. ಶನಿವಾರ ಸಂಜೆ ಕಾರು ಮನೆಗೆ ಬರುತ್ತದೆ. ಬುಧವಾರ ಫೋನ್ ಬರುತ್ತದೆ: ಸಾಲ ಪಾಸಾಗಲಿಲ್ಲ, ಬಂದು ಹೊಸ ಕಾಗದಕ್ಕೆ ಸಹಿ ಹಾಕಿ. ಹೊಸ ಕಾಗದದಲ್ಲಿ ಬಡ್ಡಿ ಜಾಸ್ತಿ ಇರುತ್ತದೆ. ಸಾಲ ಪಕ್ಕಾ ಆಗಿದೆ ಅಂತ ಬರಹದಲ್ಲಿ ಬರುವವರೆಗೆ ಕಾರು ತರಬೇಡಿ, ಹಳೆಯ ಕಾರಿದ್ದರೆ ಬಿಟ್ಟುಕೊಡಬೇಡಿ.

ಹಾಗಾದರೆ ಮಾಡೋದೇನು? ಮನೆಯಲ್ಲೇ ಕೂತು ನಾಲ್ಕೈದು ಡೀಲರ್‌ಗಳಿಗೆ ಇಮೇಲ್ ಮಾಡಿ. ಇಂಥ ಕಾರು, ಇಂಥ ಮಾಡೆಲ್, ನನ್ನ ಜಿಪ್ ಕೋಡಿಗೆ ಔಟ್ ದ ಡೋರ್ ಬೆಲೆ ಎಷ್ಟು, ವಿವರ ಕೊಡಿ ಅಂತ ಕೇಳಿ. ನಮ್ಮ ಆನ್ ರೋಡ್ ಬೆಲೆಯ ಹಾಗೆಯೇ ಅದು, ಇನ್ಶೂರೆನ್ಸ್ ಒಂದು ಬಿಟ್ಟು. ಊರಲ್ಲಿ ಶೋರೂಮಿನವರೇ ಆ ಚೀಟಿ ಬರೆದು ಕೊಡುತ್ತಾರೆ. ಈ ಒಂದು ವಿಷಯದಲ್ಲಿ ನಮ್ಮ ಪದ್ಧತಿಯೇ ವಾಸಿ. ಡಾಕ್ ಫೀ ಅನ್ನುವ ಕಾಗದಪತ್ರದ ಶುಲ್ಕ ನೋಡಿ: ಕ್ಯಾಲಿಫೋರ್ನಿಯಾದಲ್ಲಿ 85 ಡಾಲರ್ ದಾಟುವ ಹಾಗಿಲ್ಲ, ಫ್ಲಾರಿಡಾದಲ್ಲಿ ಮಿತಿಯೇ ಇಲ್ಲ. ಹೊಸ ಕಾರಿನ ಕಿಟಕಿಗೆ ಅಂಟಿಸಿದ ಮನ್ರೋನಿ ಸ್ಟಿಕ್ಕರನ್ನು ಮಾತ್ರ ನಂಬಿ. 1958ರ ಕಾನೂನಿನಿಂದ ಬಂದದ್ದು ಅದು, ಬೆಲೆ, ಮೈಲೇಜು, ಸುರಕ್ಷತೆಯ ಸ್ಟಾರುಗಳು ಎಲ್ಲ ಒಂದೇ ಹಾಳೆಯಲ್ಲಿರುತ್ತವೆ. ಭಾರತಕ್ಕೂ ಅಂಥದ್ದು ಬರಬೇಕು. ಅದರ ಪಕ್ಕ ಅಂಟಿಸಿದ ಎರಡನೇ ಚೀಟಿ ಡೀಲರ್‌ನದು. ಟೈರಿಗೆ ನೈಟ್ರೋಜನ್, ಪೇಂಟಿಗೆ ಲೇಪನ, ಬೇಡಿಕೆ ಜಾಸ್ತಿ ಅಂತ ಏರಿಸುವ ಮಾರ್ಕೆಟ್ ಅಡ್ಜಸ್ಟ್‌ಮೆಂಟ್ ಅಂತ ಅದರಲ್ಲಿ ಇರುವುದನ್ನೆಲ್ಲ ಬೇಡ ಅನ್ನಬಹುದು. ಅವರು ಒಪ್ಪದಿದ್ದರೆ ಬೇರೆ ಡೀಲರ್ ಇದ್ದಾರೆ.

ಈಗಾಗಲೇ ಸಹಿ ಹಾಕಿದ್ದೀರಾ? ಸರ್ವಿಸ್ ಕಾಂಟ್ರಾಕ್ಟ್ ಮತ್ತು ಗ್ಯಾಪ್ ಎರಡನ್ನೂ ಸಾಮಾನ್ಯವಾಗಿ ಮಧ್ಯದಲ್ಲೇ ರದ್ದು ಮಾಡಬಹುದು, ಬೇಗ ಮಾಡಿದಷ್ಟೂ ಜಾಸ್ತಿ ಹಣ ವಾಪಸ್. ಕಾಂಟ್ರಾಕ್ಟ್ ನಂಬರು, ಈವತ್ತಿನ ಓಡೋಮೀಟರ್ ಅಂಕೆ ಬರೆದು ಡೀಲರ್‌ಗೂ, ಕಾಂಟ್ರಾಕ್ಟ್ ಕೊಟ್ಟ ಕಂಪನಿಗೂ ಪತ್ರ ಕಳಿಸಿ, ಒಂದು ಪ್ರತಿ ಇಟ್ಟುಕೊಳ್ಳಿ. ನಮ್ಮ ಹುಡುಗನಿಂದಲೂ ಮಾರನೇ ದಿನವೇ ಇದನ್ನೇ ಮಾಡಿಸಿದೆ. ಗಾಜಿನ ಮೇಲೆ ಕೆತ್ತಿದ್ದರ ದುಡ್ಡು ಬರಲಿಲ್ಲ. ಉಳಿದದ್ದು ಬಂತು, ಆದರೆ ಅವನ ಅಕೌಂಟಿಗಲ್ಲ, ಸಾಲ ಕೊಟ್ಟ ಬ್ಯಾಂಕಿಗೆ. ಕಂತು ಕಡಿಮೆಯಾಗುವುದಿಲ್ಲ, ಅಸಲು ಕಡಿಮೆಯಾಗಿ ಸಾಲ ಬೇಗ ತೀರುತ್ತದೆ. ಒಂದೆರಡು ತಿಂಗಳಲ್ಲಿ ಸ್ಟೇಟ್‌ಮೆಂಟಿನಲ್ಲಿ ಅಸಲು ಇಳಿದಿದೆಯಾ ನೋಡಿ. ಇಳಿದಿಲ್ಲದಿದ್ದರೆ ಪತ್ರದ ಪ್ರತಿ ಹಿಡಿದು ಡೀಲರ್ ಹತ್ತಿರ ಮತ್ತೆ ಹೋಗಿ.