ನಿರ್ಮಾಪಕನ ಬದುಕನ್ನು ಸಿನಿಮಾ ನೋಡಿಯೇ ಓದುವುದು ಹೇಗೆ? ಡಿನೋ ಡಿ ಲಾರೆಂಟಿಸ್‌ಗೆ ಐದು ಭಾನುವಾರ

ಬಸವನಗುಡಿಯಲ್ಲಿ ಒಂದು ಮನೆಯ ಮಹಡಿ, ಒಂದು ಹಳೇ ಪ್ರೊಜೆಕ್ಟರ್, ಗೋಡೆಗೆ ಬಿಗಿದ ಬಿಳಿ ಪಂಚೆ, ನಾವು ಆರು ಜನ. ಸುಚಿತ್ರ ಫಿಲ್ಮ್ ಸೊಸೈಟಿಯಲ್ಲಿ ಸಿನಿಮಾ ನೋಡಿ ಬೆಳೆದ ನಮ್ಮಂಥವರಿಗೆ ಒಂದು ಚಾಳಿ ಇದೆ. ಸಿನಿಮಾ ಅಂದರೆ ನಿರ್ದೇಶಕ, ಉಳಿದವರೆಲ್ಲ ಪರಿವಾರ ದೇವತೆಗಳು. ನಿರ್ಮಾಪಕ ಅಂದರೆ ದುಡ್ಡು ಹಾಕಿದವನು, ಮುಗೀತು. ಅದೇ ನೀವು ಗಾಂಧಿನಗರಕ್ಕೆ ಹೋಗಿ ಟೀ ಕುಡಿಯುತ್ತಾ ನಿಂತರೆ ಮಾತೆಲ್ಲ ಬೇರೆಯೇ. ಯಾವ ಬ್ಯಾನರ್, ಯಾರ ಬಂಡವಾಳ, ಬಿಕೆಟಿ (ಬೆಂಗಳೂರು, ಕೋಲಾರ, ತುಮಕೂರು) ಏರಿಯಾದ ಹಂಚಿಕೆ ಹಕ್ಕು ಎಷ್ಟಕ್ಕೆ ಹೋಯಿತು.

ಈ ಎರಡು ಬೆಂಗಳೂರನ್ನೂ ಒಂದೇ ಕಡೆ ಕೂರಿಸಬೇಕು ಅನ್ನಿಸಿ ನಾವು ಒಬ್ಬ ನಿರ್ಮಾಪಕನನ್ನು ಹಿಡಿದುಕೊಂಡೆವು. ಡಿನೋ ಡಿ ಲಾರೆಂಟಿಸ್. ನೀವೂ ಮಾಡಬಹುದು, ಖರ್ಚು ಕಡಿಮೆ. ಹೇಗೆ ಅಂತ ಹೇಳುತ್ತೇನೆ, ನಾವು ಎಲ್ಲೆಲ್ಲಿ ಎಡವಿದೆವು ಅನ್ನುವುದನ್ನೂ ಸೇರಿಸಿ.

ಮೊದಲು ಆಸಾಮಿ ಯಾರು ಅಂತ ಎರಡು ಮಾತು. ಹುಟ್ಟಿದ್ದು 1919ರ ಆಗಸ್ಟ್ 8, ನೇಪಲ್ಸ್ ಹತ್ತಿರದ ತೊರ್ರೆ ಅನ್ನುನ್ಸಿಯಾತಾ ಅನ್ನುವ ಊರಲ್ಲಿ. ಅಪ್ಪನದು ಪಾಸ್ತಾ ತಯಾರಿಸುವ ವ್ಯವಹಾರ. ಹುಡುಗ ಊರೂರು ತಿರುಗಿ ಸ್ಪಗೆಟಿ ಮಾರಿದವನು. ನಮ್ಮ ಕಡೆ ಶಾವಿಗೆ ಮಾರುತ್ತಿದ್ದ ಹುಡುಗ ಸಿನಿಮಾಗೆ ಬಂದ ಅಂದುಕೊಳ್ಳಿ. ರೋಮ್‌ನ ಸಿನಿಮಾ ಶಾಲೆ ಸೇರಿದ, ಇಪ್ಪತ್ತರ ಆಸುಪಾಸಿನಲ್ಲೇ ನಿರ್ಮಾಣಕ್ಕೆ ಇಳಿದ. 2010ರ ನವೆಂಬರ್‌ನಲ್ಲಿ ತೀರಿಕೊಂಡಾಗ 91 ವರ್ಷ. ಇಟಲಿಯಲ್ಲಿ ಅರ್ಧ, ಅಮೆರಿಕದಲ್ಲಿ ಅರ್ಧ, ಒಟ್ಟು ನೂರಾರು ಸಿನಿಮಾ.

ಇಷ್ಟನ್ನೆಲ್ಲ ನೋಡೋಕೆ ಯಾರಿಗೆ ಟೈಮ್ ಇದೆ? ನಮ್ಮ ಮೊದಲ ತಪ್ಪೇ ಅದು. ವರ್ಷದ ಪ್ರಕಾರ ಒಂದೊಂದೇ ನೋಡೋಣ ಅಂತ ಹೊರಟೆವು, ಮೂರನೇ ವಾರಕ್ಕೆ ಆರು ಜನ ಇಬ್ಬರಾದರು. ಆಮೇಲೆ ಹೊಳೆಯಿತು, ನಿರ್ಮಾಪಕನನ್ನು ಜೋಡಿ ಜೋಡಿಯಾಗಿ ನೋಡಬೇಕು. ಬರೀ ಗೆದ್ದದ್ದನ್ನು ನೋಡಿದರೆ ಮಹಾ ಜಾಣ ಅನ್ನಿಸುತ್ತಾನೆ, ಬರೀ ಸೋತದ್ದನ್ನು ನೋಡಿದರೆ ಪೆದ್ದ. ಎರಡನ್ನೂ ಪಕ್ಕ ಪಕ್ಕ ಇಟ್ಟಾಗ ಮಾತ್ರ ನಡುವೆ ಅವನು ಏನು ತೀರ್ಮಾನ ಮಾಡಿದ ಅನ್ನುವುದು ಕಾಣುತ್ತದೆ. ನಿರ್ಮಾಪಕನ ಕೆಲಸ ಇರುವುದು ಆ ನಡುವಿನಲ್ಲೇ, ತೆರೆ ಮೇಲೆ ಅಲ್ಲ.

ಒಂದು ಲೆಕ್ಕದ ಪುಸ್ತಕ ತಗೊಳ್ಳಿ. ಅವೆನ್ಯೂ ರೋಡಲ್ಲಿ ಸಿಗುವ ಉದ್ದನೆಯದು, ಅಂಗಡಿಯವರು ಸಾಲ ಬರೆದಿಡುವಂಥದ್ದು. ಫೋನಿನಲ್ಲಿ ಬರೆದುಕೊಂಡರೆ ಯಾರೂ ಮತ್ತೆ ತೆರೆಯುವುದಿಲ್ಲ, ಅನುಭವದ ಮಾತು. ಅದರಲ್ಲಿ ಐದು ಕಾಲಂ ಎಳೆಯಿರಿ: ವರ್ಷ, ಊರು, ದುಡ್ಡು ಎಲ್ಲಿಂದ ಬಂತು, ಸೆಟ್‌ನಲ್ಲಿ ಯಾರ ಮಾತು ನಡೆಯಿತು, ಆಮೇಲೆ ಏನು ಮಾಡಿದ. ಕಥೆ, ಅಭಿನಯ, ಕ್ಯಾಮೆರಾ ಬಗ್ಗೆ ಬರೆಯೋಕೆ ಬೇರೆ ಹಾಳೆ ಇಟ್ಟುಕೊಳ್ಳಿ, ಇಲ್ಲಿ ತರಬೇಡಿ.

ಮೊದಲ ಭಾನುವಾರಕ್ಕೆ ‘ಬಿಟರ್ ರೈಸ್’ (1949) ಮತ್ತು ‘ಲಾ ಸ್ಟ್ರಾಡಾ’ (1954). ಬಿಟರ್ ರೈಸ್‌ನಿಂದ ಶುರು ಮಾಡುವುದಕ್ಕೆ ನನ್ನದೇ ಒಂದು ಕಾರಣ ಇದೆ. ಅದು ಉತ್ತರ ಇಟಲಿಯ ಭತ್ತದ ಗದ್ದೆಗೆ ಕೂಲಿಗೆ ಬರುವ ಹೆಂಗಸರ ಕಥೆ. ಮೊಣಕಾಲುದ್ದ ನೀರಲ್ಲಿ ಬಗ್ಗಿ ಕೆಲಸ ಮಾಡುತ್ತಾ ಸಾಲಾಗಿ ನಿಂತು ಹಾಡುವುದನ್ನು ನೋಡಿ ನಮ್ಮ ಜೊತೆಗಿದ್ದ ಮಂಡ್ಯದ ಗೆಳೆಯ, ‘ಇದೇನ್ ಮಾರಾಯ, ನಮ್ಮೂರ ನಾಟಿ’ ಅಂದ. ಆದರೆ ನಿರ್ಮಾಪಕನ ಕಣ್ಣಿಂದ ನೋಡಿ. ಬಡ ಕೂಲಿಗಳ ಕಥೆ ಜೊತೆಗೇ ಅಲ್ಲಿ ಕಳ್ಳತನ ಇದೆ, ಡ್ಯಾನ್ಸ್ ಇದೆ, ಗದ್ದೆಯಲ್ಲಿ ನಿಂತ ಸಿಲ್ವಾನಾ ಮಂಗಾನೋ ಇದ್ದಾಳೆ. ಆ ಪೋಸ್ಟರ್ ಹೊರದೇಶಗಳಲ್ಲೂ ಸಿನಿಮಾ ಮಾರಿತು. ಅದೇ ವರ್ಷ ಡಿನೋ ಅವಳನ್ನು ಮದುವೆಯಾದ.

ಲಾ ಸ್ಟ್ರಾಡಾ ನಿರ್ದೇಶಕ ಫೆಲಿನಿ, ಎಲ್ಲರಿಗೂ ಗೊತ್ತು. ನೀವು ಗಮನಿಸಬೇಕಾದ್ದು ಬೇರೆ. ಆಗ ಡಿನೋ ಮತ್ತು ಕಾರ್ಲೋ ಪಾಂಟಿ ಸೇರಿ ಕಂಪನಿ ನಡೆಸುತ್ತಿದ್ದರು. ಪರಭಾಷಾ ಚಿತ್ರಕ್ಕೆ ಸ್ಪರ್ಧೆಯ ಮೇಲೆ ಕೊಟ್ಟ ಮೊದಲ ಆಸ್ಕರ್ ಇದಕ್ಕೇ ಬಂತು, ಆ ವರ್ಷ ಆ ವಿಭಾಗದಲ್ಲಿ ನಾಮನಿರ್ದೇಶನ ಆದದ್ದು ನಿರ್ಮಾಪಕರ ಹೆಸರಲ್ಲಿ. ಇದನ್ನು ಹೇಳಿದಾಗ ನಮ್ಮ ಮಹಡಿಯ ಫೆಲಿನಿ ಭಕ್ತರ ಮುಖ ನೋಡಬೇಕಿತ್ತು.

ಎರಡನೇ ಭಾನುವಾರ ‘ವಾಟರ್‌ಲೂ’ (1970) ಮತ್ತು ‘ಸರ್ಪಿಕೊ’ (1973). ಇಲ್ಲಿ ಒಂದು ಎಚ್ಚರಿಕೆ. ವಾಟರ್‌ಲೂ ಎರಡು ಗಂಟೆ ದಾಟುತ್ತದೆ, ಮಧ್ಯಾಹ್ನ ಬಿರಿಯಾನಿ ತಿಂದು ಹಾಕಬೇಡಿ. ನಾವು ಹಾಕಿದೆವು, ನೆಪೋಲಿಯನ್ ಸೋಲುವ ಹೊತ್ತಿಗೆ ನಾಲ್ಕು ಜನ ಗೊರಕೆ. ಬೆಳಗ್ಗೆ ಇಡಿ, ಆಗ ಕಣ್ಣು ಬಿಟ್ಟು ನೋಡಬಹುದು. ತೆರೆ ಮೇಲೆ ಕಾಣುವ ಆ ಸೈನಿಕರು ಕಂಪ್ಯೂಟರ್ ಗೀಚಿದ್ದಲ್ಲ. ಸೋವಿಯತ್ ಸೇನೆಯ ಸುಮಾರು 15 ಸಾವಿರ ಜನ ಉಕ್ರೇನಿನ ಬಯಲಲ್ಲಿ ಸಮವಸ್ತ್ರ ಹಾಕಿಕೊಂಡು ನಿಂತದ್ದು. ಶೀತಲ ಸಮರದ ಕಾಲದಲ್ಲಿ ಇಟಲಿಯ ನಿರ್ಮಾಪಕ, ರಷ್ಯಾದ ಸ್ಟುಡಿಯೋ, ಅಮೆರಿಕದ ನಟ ರಾಡ್ ಸ್ಟೈಗರ್. ಇಷ್ಟನ್ನು ಹೊಂದಿಸಿದ್ದೇ ಒಂದು ಯುದ್ಧ. ಆದರೂ ಸಿನಿಮಾ ತೋಪಾಯಿತು.

ಪುಸ್ತಕದ ಕೊನೆ ಕಾಲಂ ಕೆಲಸಕ್ಕೆ ಬರುವುದು ಇಲ್ಲೇ. ರೋಮ್ ಹೊರಗೆ ಅವನು ‘ಡಿನೋಚಿತ್ತಾ’ ಅಂತ ತನ್ನದೇ ಹೆಸರಲ್ಲಿ ಸ್ಟುಡಿಯೋ ಕಟ್ಟಿದ್ದ. ಸರ್ಕಾರಿ ಸಹಾಯಧನದ ನಿಯಮ ಬದಲಾಯಿತು, ದೊಡ್ಡ ಚಿತ್ರಗಳು ಕೈಕೊಟ್ಟವು, ಸ್ಟುಡಿಯೋ ಹೋಯಿತು. ಈಗ ಆ ಜಾಗದಲ್ಲಿ ಥೀಮ್ ಪಾರ್ಕ್ ಇದೆ. ಐವತ್ತು ದಾಟಿದ ಮೇಲೆ ಮನುಷ್ಯ ಗಂಟುಮೂಟೆ ಕಟ್ಟಿ ಅಮೆರಿಕಕ್ಕೆ ಹೋಗಿ, ಅಲ್ಲಿ ಕೈ ಹಾಕಿದ ಮೊದಲ ಚಿತ್ರಗಳಲ್ಲಿ ಒಂದು ಸರ್ಪಿಕೊ. ಕುದುರೆ ಇಲ್ಲ, ಫಿರಂಗಿ ಇಲ್ಲ. ನ್ಯೂಯಾರ್ಕ್ ಬೀದಿ, ಗಡ್ಡ ಬಿಟ್ಟ ಅಲ್ ಪಚೀನೋ, ಲಂಚ ತಿನ್ನುವ ಪೊಲೀಸರು. ಒಂದೇ ದಿನ ಎರಡನ್ನೂ ನೋಡಿದರೆ ಇದು ಒಬ್ಬನದೇ ದುಡ್ಡಾ ಅನ್ನಿಸುತ್ತದೆ.

ಟೈಟಲ್ ಕಾರ್ಡ್ ಓದುವುದನ್ನೂ ಸರ್ಪಿಕೊದಲ್ಲೇ ಕಲಿಯಿರಿ. ನಿರ್ಮಾಪಕ ಅಂತ ಬರುವ ಹೆಸರು ಮಾರ್ಟಿನ್ ಬ್ರೆಗ್‌ಮನ್. ಮುಂದೆ ‘ಡ್ಯೂನ್’ನಲ್ಲಿ ಬರುವುದು ಮಗಳು ರಫಾಯೆಲಾ ಹೆಸರು, ‘ಬ್ಲೂ ವೆಲ್ವೆಟ್’ನಲ್ಲಿ ಫ್ರೆಡ್ ಕರುಸೊ. ಡಿನೋ ಹೆಸರು ಒಮ್ಮೊಮ್ಮೆ ‘ಅರ್ಪಿಸುವ’ ಅನ್ನುವ ಜಾಗದಲ್ಲಿ ಇರುತ್ತದೆ, ಒಮ್ಮೊಮ್ಮೆ ಬರೀ ಕಂಪನಿ ಹೆಸರಲ್ಲಿ. ಅದಕ್ಕೇ ಸಿನಿಮಾ ಶುರುವಾದ ಮೊದಲ ಮೂರು ನಿಮಿಷ ಯಾರೂ ಚುರುಮುರಿ ಹಂಚಬಾರದು ಅಂತ ನಮ್ಮಲ್ಲಿ ರೂಲ್ಸ್ ಮಾಡಿದೆವು. ಅವನ ಹೆಸರು ಎಲ್ಲಿ ಬಂತು ಅಂತ ಬರೆದಿಟ್ಟುಕೊಂಡರೆ ಅರ್ಧ ಕಥೆ ತಾನೇ ಬಿಚ್ಚಿಕೊಳ್ಳುತ್ತದೆ.

ಮೂರನೇ ವಾರ ಮಜಾ. 1976ರ ‘ಕಿಂಗ್ ಕಾಂಗ್’ ಮತ್ತು 1986ರ ‘ಕಿಂಗ್ ಕಾಂಗ್ ಲಿವ್ಸ್’. ಮಕ್ಕಳನ್ನೂ ಕೂರಿಸಬಹುದಾದದ್ದು ಇದೊಂದೇ ವಾರ. ಮೊದಲನೆಯದಕ್ಕೆ ಸುಮಾರು 40 ಅಡಿ ಎತ್ತರದ ಯಂತ್ರದ ಗೊರಿಲ್ಲಾ ಮಾಡಿಸಿ, ಊರಿಗೆಲ್ಲ ಡಂಗುರ ಸಾರಿ, ಕೊನೆಗೆ ಸಿನಿಮಾದಲ್ಲಿ ಅದು ಕಾಣುವುದು ಕೆಲವೇ ಸೆಕೆಂಡು. ಹೆಚ್ಚಿನ ದೃಶ್ಯಗಳಲ್ಲಿ ಇರುವುದು ಗೊರಿಲ್ಲಾ ವೇಷ ಹಾಕಿದ ರಿಕ್ ಬೇಕರ್. ದುಡ್ಡು ದಂಡ ಅನ್ನಬೇಡಿ, ಆ ಯಂತ್ರ ಪೇಪರಿನಲ್ಲಿ ನಟಿಸಿತು. ಸಿನಿಮಾ ಗೆದ್ದಿತು. ಹತ್ತು ವರ್ಷದ ಮೇಲೆ ಅದೇ ಗೊರಿಲ್ಲಾಗೆ ಕೃತಕ ಹೃದಯ ಜೋಡಿಸಿ, ಒಂದು ಜೊತೆಗಾತಿಯನ್ನೂ ತಂದು ಮಾಡಿದ ಎರಡನೆಯದನ್ನು ಅರ್ಧ ಗಂಟೆ ನೋಡಿ ನಿಲ್ಲಿಸಿಬಿಡಿ. ಸಾಕು.

ಇದೇ ಸಂಜೆ ‘ದುಡ್ಡು ಎಲ್ಲಿಂದ ಬಂತು’ ಕಾಲಂ ಬಗ್ಗೆ ಮಾತಾಡಿ, ನಾಲ್ಕನೇ ವಾರಕ್ಕೆ ಇದು ಬೇಕೇ ಬೇಕು. ಚಿತ್ರೀಕರಣಕ್ಕೆ ಮೊದಲೇ ದೇಶ ದೇಶದ ಹಂಚಿಕೆ ಹಕ್ಕು ಮಾರುವುದು, ಆ ಕರಾರು ಪತ್ರ ಹಿಡಿದು ಬ್ಯಾಂಕಿಗೆ ಹೋಗಿ ಸಾಲ ತರುವುದು. ಈ ದಾರಿಯನ್ನು ಗಟ್ಟಿ ಮಾಡಿದವರಲ್ಲಿ ಡಿನೋ ಮುಂಚೂಣಿಯವನು. ಕೇಳಿದ ತಕ್ಷಣ ನಮ್ಮವರೊಬ್ಬರು, ಸಣ್ಣ ಪುಟ್ಟ ಚಿತ್ರಗಳಿಗೆ ಪ್ರೊಡಕ್ಷನ್ ಮ್ಯಾನೇಜರ್ ಆಗಿದ್ದವರು, ‘ಇವನು ಗಾಂಧಿನಗರದವನೇ ಕಣ್ರಯ್ಯಾ’ ಅಂದರು. ಬಿಕೆಟಿ ಒಬ್ಬರಿಗೆ, ಮೈಸೂರು ಕಡೆ ಒಬ್ಬರಿಗೆ, ಹುಬ್ಬಳ್ಳಿ ಕಡೆ ಇನ್ನೊಬ್ಬರಿಗೆ ಅಂತ ಹಂಚಿ, ಅಡ್ವಾನ್ಸ್ ತಗೊಂಡು, ಆ ದುಡ್ಡಲ್ಲಿ ಶೂಟಿಂಗ್ ಮುಗಿಸುವುದು. ಅವನು ಮಾಡಿದ್ದೂ ಅದೇ, ತಾಲ್ಲೂಕಿನ ಬದಲು ದೇಶ. ಹೀಗೆ ಮಾರಿದಾಗ ಸಿನಿಮಾ ಸೋತರೆ ಪೆಟ್ಟು ಎಲ್ಲರ ಮೇಲೂ ಹಂಚಿಹೋಗುತ್ತದೆ. ಇದನ್ನು ನೆನಪಲ್ಲಿಟ್ಟುಕೊಳ್ಳಿ.

ಅಂಕಿ ಬರೆಯುವಾಗ ಒಂದು ಮಾತು. ಗಳಿಕೆ ಅಂತ ಎಲ್ಲ ಕಡೆ ಸಿಗುವುದು ಟಿಕೆಟ್ ಮಾರಿದ ಒಟ್ಟು ಮೊತ್ತ. ಥಿಯೇಟರ್‌ನವರ ಪಾಲು, ಹಂಚಿಕೆದಾರರ ಪಾಲು, ಪ್ರಚಾರದ ಖರ್ಚು ಎಲ್ಲ ಕಳೆದ ಮೇಲೆ ನಿರ್ಮಾಪಕನ ಕೈಗೆ ಬರುವುದು ಬೇರೆ. ನಮ್ಮ ಪೋಸ್ಟರ್‌ಗಳ ‘ನೂರು ಕೋಟಿ’ ಥರಾನೇ.

ನಾಲ್ಕನೇ ಭಾನುವಾರಕ್ಕೆ ಜಾಸ್ತಿ ಹೊತ್ತು ಇಟ್ಟುಕೊಳ್ಳಿ. ಐದರಲ್ಲಿ ಒಂದೇ ಜೋಡಿ ನೋಡೋಕೆ ಟೈಮ್ ಇದೆ ಅನ್ನುವವರಿಗೆ ನಾನು ಹೇಳುವುದೂ ಇದನ್ನೇ: ‘ಡ್ಯೂನ್’ (1984), ‘ಬ್ಲೂ ವೆಲ್ವೆಟ್’ (1986). ಎರಡಕ್ಕೂ ನಿರ್ದೇಶಕ ಡೇವಿಡ್ ಲಿಂಚ್. ಡ್ಯೂನ್‌ಗೆ ಸುಮಾರು 4 ಕೋಟಿ ಡಾಲರ್ ಸುರಿದರು, ಮೆಕ್ಸಿಕೋದಲ್ಲಿ ಭಾರಿ ಸೆಟ್ ಹಾಕಿದರು. ಅಂತಿಮ ಎಡಿಟಿಂಗ್ ಹಕ್ಕು ಲಿಂಚ್ ಕೈಯಲ್ಲಿ ಇರಲಿಲ್ಲ. ಸಿನಿಮಾ ಮಕಾಡೆ ಮಲಗಿತು. ನಮ್ಮ ಕಡೆ ಹೀಗಾದರೆ ಏನಾಗುತ್ತದೆ ಗೊತ್ತಲ್ವಾ? ನಿರ್ಮಾಪಕ ಆ ನಿರ್ದೇಶಕನ ಫೋನ್ ಎತ್ತುವುದಿಲ್ಲ. ಡಿನೋ ಏನು ಮಾಡಿದ ಅಂದರೆ, ಅದೇ ಲಿಂಚ್‌ಗೆ ಇನ್ನೊಂದು ಸಿನಿಮಾ ಕೊಟ್ಟ. ಷರತ್ತು ಸರಳ. ಬಜೆಟ್ ಸುಮಾರು 60 ಲಕ್ಷ ಡಾಲರ್ ಮಾತ್ರ, ಸಂಬಳವೂ ಕಡಿಮೆ, ಬದಲಿಗೆ ಅಂತಿಮ ಕಟ್ ಪೂರ್ತಿ ನಿನ್ನದು. ಹಾಗೆ ಬಂದದ್ದು ಬ್ಲೂ ವೆಲ್ವೆಟ್, ಲಿಂಚ್‌ಗೆ ಆಸ್ಕರ್ ನಾಮನಿರ್ದೇಶನವೂ ಬಂತು.

ಇವೆರಡರಲ್ಲಿ ‘ಯಾರ ಮಾತು ನಡೆಯಿತು’ ಅನ್ನುವ ಕಾಲಂ ತುಂಬುವಾಗ ನಮ್ಮಲ್ಲಿ ರಾತ್ರಿ ಹತ್ತೂವರೆವರೆಗೆ ಜಗಳ ಆಯಿತು. ಡಿನೋ ದೊಡ್ಡ ಮನಸ್ಸಿನವನು ಅಂತ ಒಂದು ಪಕ್ಷ. ದೊಡ್ಡ ಮನಸ್ಸೂ ಅಲ್ಲ ಏನೂ ಅಲ್ಲ, 60 ಲಕ್ಷ ಹೋದರೆ ಹೋಗಲಿ, ಬಂದರೆ ಹೆಸರು ಅನ್ನುವ ಲೆಕ್ಕ ಅಂತ ಇನ್ನೊಂದು ಪಕ್ಷ. ನಾನು ಎರಡನೇ ಪಕ್ಷ. ಆದರೆ ಆ ಲೆಕ್ಕ ಹಾಕೋಕೂ ಧೈರ್ಯ ಬೇಕು. ಅಂದಹಾಗೆ ಬ್ಲೂ ವೆಲ್ವೆಟ್ ಹಾಕುವ ದಿನ ಮಕ್ಕಳು, ಅತ್ತೆ ಮಾವ ಯಾರೂ ಮನೆಯಲ್ಲಿ ಇರದ ಹಾಗೆ ನೋಡಿಕೊಳ್ಳಿ. ಕಾರಣ ಮೊದಲ ಅರ್ಧ ಗಂಟೆಯ ನಂತರ ಗೊತ್ತಾಗುತ್ತದೆ.

ಆ ಚಿತ್ರ ತೆಗೆದ ಊರನ್ನೂ ಬರೆದುಕೊಳ್ಳಿ, ವಿಲ್ಮಿಂಗ್ಟನ್, ನಾರ್ತ್ ಕೆರೊಲಿನಾ. ‘ಫೈರ್‌ಸ್ಟಾರ್ಟರ್’ಗೆ ಒಂದು ಹಳೇ ಬಂಗಲೆ ಹುಡುಕುತ್ತಾ ಆ ಕಡೆ ಹೋದವನು ಅಲ್ಲೇ ಸ್ಟುಡಿಯೋ ಕಟ್ಟಿಬಿಟ್ಟ. ಜೊತೆಗೆ ಅಮೆರಿಕದಲ್ಲಿ ತನ್ನದೇ ಹಂಚಿಕೆ ಕಂಪನಿಯನ್ನೂ ತೆರೆದ. ಅಂದರೆ ಪೆಟ್ಟು ಹಂಚಿಕೊಳ್ಳುತ್ತಿದ್ದ ಹಂಚಿಕೆದಾರ ಈಗ ಅವನೇ. ಸಾಲಾಗಿ ಸಿನಿಮಾಗಳು ಸೋತವು. 1987ರಲ್ಲಿ ಪ್ರೇಕ್ಷಕರಿಗೇ 10 ಲಕ್ಷ ಡಾಲರ್ ಬಹುಮಾನ ಅಂತ ಆಸೆ ತೋರಿಸಿ ಒಂದು ಚಿತ್ರ ಬಿಟ್ಟರು, ಅಮೆರಿಕದಲ್ಲಿ ಅದು ಗಳಿಸಿದ್ದು ಬಹುಮಾನದ ಮೊತ್ತಕ್ಕಿಂತ ಕಡಿಮೆ! 1988ರಲ್ಲಿ ಕಂಪನಿ ದಿವಾಳಿ. ಸ್ಟುಡಿಯೋ ಬೇರೆಯವರ ಪಾಲಾಯಿತು, ಆದರೆ ಆ ಊರಲ್ಲಿ ಶೂಟಿಂಗ್ ನಿಲ್ಲಲಿಲ್ಲ.

ಕೊನೆಯ ಭಾನುವಾರ ‘ಮ್ಯಾನ್‌ಹಂಟರ್’ (1986) ಮತ್ತು ‘ಹ್ಯಾನಿಬಲ್’ (2001). ನಡುವೆ ಒಂದು ಖಾಲಿ ಸಾಲು ಬಿಡಿ. ಹ್ಯಾನಿಬಲ್ ಲೆಕ್ಟರ್ ಪಾತ್ರ ಮೊದಲು ತೆರೆಗೆ ಬಂದದ್ದು ಡಿನೋ ದುಡ್ಡಿನ ಮ್ಯಾನ್‌ಹಂಟರ್‌ನಲ್ಲಿ, ಬ್ರಯಾನ್ ಕಾಕ್ಸ್ ಆ ಪಾತ್ರ ಮಾಡಿದ. ಸಿನಿಮಾ ಓಡಲಿಲ್ಲ. ಅದಕ್ಕೇ ಮುಂದಿನ ಕಥೆ ‘ದಿ ಸೈಲೆನ್ಸ್ ಆಫ್ ದಿ ಲ್ಯಾಂಬ್ಸ್’ ಅವನಿಗೆ ಬೇಡವಾಯಿತು. ಪಾತ್ರದ ಹೆಸರನ್ನು ಪುಕ್ಕಟೆ ಬಳಸಿಕೊಳ್ಳಿ ಅಂತ ಬೇರೆಯವರಿಗೆ ಬಿಟ್ಟುಕೊಟ್ಟ. ಅವರು 1991ರಲ್ಲಿ ಸಿನಿಮಾ ಮಾಡಿ, ಐದು ಮುಖ್ಯ ಆಸ್ಕರ್ ಹೊಡೆದುಕೊಂಡು ಹೋದರು. ಆ ಖಾಲಿ ಸಾಲು ಇದಕ್ಕೆ. ಮಾಡದ ಸಿನಿಮಾಗಳನ್ನೂ ನಿರ್ಮಾಪಕನ ಪುಸ್ತಕದಲ್ಲಿ ಬರೆಯಲೇಬೇಕು, ನಿರ್ದೇಶಕರ ಪಟ್ಟಿಯಲ್ಲಿ ಇವು ಸಿಗುವುದೇ ಇಲ್ಲ.

ಮನುಷ್ಯ ಕೈ ಹಿಸುಕಿಕೊಂಡು ಕೂರಲಿಲ್ಲ. ಎಂಬತ್ತು ದಾಟಿದ ಮೇಲೆ ‘ಹ್ಯಾನಿಬಲ್’ ನಿರ್ಮಿಸಿದ, ಅದು ಜಗತ್ತಿನಾದ್ಯಂತ ಸುಮಾರು 35 ಕೋಟಿ ಡಾಲರ್ ಗಳಿಸಿತು. 2002ರಲ್ಲಿ, ಮ್ಯಾನ್‌ಹಂಟರ್‌ಗೆ ಮೂಲವಾದ ಅದೇ ಕಾದಂಬರಿಯನ್ನು ‘ರೆಡ್ ಡ್ರ್ಯಾಗನ್’ ಅಂತ ಇನ್ನೊಮ್ಮೆ ತೆಗೆದ. ಸೋತ ಸರಕನ್ನೇ ತೊಳೆದು ಮತ್ತೆ ಅಂಗಡಿಗೆ ಇಟ್ಟ. 2001ರಲ್ಲಿ ನಿರ್ಮಾಪಕರಿಗೇ ಮೀಸಲಾದ ಥಾಲ್‌ಬರ್ಗ್ ಪ್ರಶಸ್ತಿಯನ್ನು ಆಸ್ಕರ್ ಸಮಾರಂಭದಲ್ಲಿ ಕೊಟ್ಟರು.

ಇನ್ನು ಚಿಲ್ಲರೆ ವಿಷಯ. ಸಬ್‌ಟೈಟಲ್ ಹಿಂದಿನ ದಿನವೇ ಹಾಕಿ ನೋಡಿ. ಬಿಟರ್ ರೈಸ್ ದಿನ ನಮ್ಮ ಸಬ್‌ಟೈಟಲ್ ಎರಡು ನಿಮಿಷ ಹಿಂದೆ ಓಡುತ್ತಿತ್ತು, ಗಂಡಸು ಬೈದಾಗ ಕೆಳಗೆ ಹೆಂಗಸಿನ ಹಾಡು. ಎರಡು ಸಿನಿಮಾಗಳ ನಡುವೆ ಒಂದು ಗಂಟೆ ಬಿಡುವು ಕೊಡಿ, ಪುಸ್ತಕ ತುಂಬುವುದು ಆಗಲೇ. ಊಟಕ್ಕೆ ಪಾಸ್ತಾ ಮಾಡೋಣ ಅಂತ ಯಾರಾದರೂ ಹೇಳೇ ಹೇಳುತ್ತಾರೆ. ಡಿನೋ ನ್ಯೂಯಾರ್ಕ್‌ನಲ್ಲಿ ದೊಡ್ಡ ತಿಂಡಿ ತಿನಿಸಿನ ಅಂಗಡಿ ತೆರೆದು ಕೆಲವೇ ವರ್ಷಗಳಲ್ಲಿ ಮುಚ್ಚಿದ ಅಂತ ಅವರಿಗೆ ನೆನಪಿಸಿ, ಒತ್ತು ಶಾವಿಗೆ ಮಾಡಿ.

ನಮ್ಮ ಪುಸ್ತಕದಲ್ಲಿ ಇನ್ನೂ ಮುಕ್ಕಾಲು ಹಾಳೆ ಖಾಲಿ ಇದೆ. ಮುಂದಿನ ತಿಂಗಳಿಂದ ನಮ್ಮ ಕನ್ನಡದ ನಿರ್ಮಾಪಕ ಎನ್. ವೀರಾಸ್ವಾಮಿ ಅವರ ಪುಟ, ‘ನಾಗರಹಾವು’ (1972) ಒಂದು ಕಡೆ, ‘ಪ್ರೇಮಲೋಕ’ (1987) ಇನ್ನೊಂದು ಕಡೆ. ಪ್ರೊಡಕ್ಷನ್ ಮ್ಯಾನೇಜರ್ ಸಾಹೇಬರು ಈಗಲೇ ಪೆನ್ನು ಕಿತ್ತುಕೊಂಡಿದ್ದಾರೆ.