ಜೂನ್ ಫೀಸಿಗೆ ಮೊದಲೇ ಬೇಳೆ, ಸೋಪು ತಂದಿಡಿ

ಜೂನ್‌ನಲ್ಲಿ ಸ್ಕೂಲ್ ಫೀಸು, ಪುಸ್ತಕ, ಯೂನಿಫಾರ್ಮ್ ಅಂತ ಕೈ ಖಾಲಿಯಾಗುವವರು ಮಾರ್ಚ್, ಏಪ್ರಿಲ್‌ನಲ್ಲೇ ಮೂರು ತಿಂಗಳಿಗಾಗುವಷ್ಟು ತೊಗರಿಬೇಳೆ, ಬಟ್ಟೆ ಸೋಪು ತಂದಿಡಿ. ಕಲಬುರಗಿ ಕಡೆಯ ತೊಗರಿ ಡಿಸೆಂಬರ್, ಜನವರಿ ಸುಮಾರಿಗೆ ಮಾರುಕಟ್ಟೆಗೆ ಬರುತ್ತದೆ. ಹಾಗಾಗಿ ಬೇಸಿಗೆಯಲ್ಲಿ ಹೊಸ ಬೇಳೆಯೂ ಸಿಗುತ್ತದೆ, ಒಣಗಿಸಲು ಬಿಸಿಲೂ ಇರುತ್ತದೆ. ಬೇಳೆಯನ್ನು ಎರಡು ದಿನ ಬಿಸಿಲಿಗೆ ಹರವಿ. ಪೂರ್ತಿ ಆರಿದ ಮೇಲೆ ಕೆಜಿಗೆ ಒಂದು ಟೀ ಚಮಚ ಹರಳೆಣ್ಣೆ ಹಾಕಿ, ಬೇಳೆಯೆಲ್ಲಾ ಮಿರುಗುವ ಹಾಗೆ ಅಂಗೈಯಲ್ಲಿ ಉಜ್ಜಿ, ಒಣ ಡಬ್ಬಿಗೆ ತುಂಬಿ. ಬಿಸಿಲಿಗೆ ತೇವ ಹೋಗುತ್ತದೆ, ಎಣ್ಣೆ ಹತ್ತಿದ ಬೇಳೆಗೆ ಹುಳ ಸುಲಭವಾಗಿ ಬೀಳುವುದಿಲ್ಲ. ಬೇಯಿಸುವ ಮುಂಚೆ ಬಿಸಿನೀರಲ್ಲಿ ತೊಳೆದರೆ ಸಾಕು. ಸೋಪಿನ ಕವರ್ ಬಿಚ್ಚಿ ಗಾಳಿಯಾಡುವ ಕಡೆ ಇಡಿ, ಗಟ್ಟಿಯಾಗಿ ಒಣಗಿದ ಸೋಪು ಬೇಗ ಕರಗುವುದಿಲ್ಲ. ರವೆ, ಗೋಧಿಹಿಟ್ಟಿಗೆ ಈ ಉಪಾಯ ನಡೆಯುವುದಿಲ್ಲ, ಅವನ್ನು ಸುಮ್ನೆ ಜಾಸ್ತಿ ತರಬೇಡಿ. ಆಗಲೇ ಹುಳ ಹಿಡಿದ ಬೇಳೆಗೆ ಎಣ್ಣೆ ಉಜ್ಜಿದರೂ ಉಪಯೋಗವಿಲ್ಲ. ಕ್ರೆಡಿಟ್ ಕಾರ್ಡ್ ಬಾಕಿ ಉಳಿಸಿಕೊಂಡು ಮಾತ್ರ ಖಂಡಿತ ತರಬೇಡಿ, ಉಳಿದ ದುಡ್ಡೆಲ್ಲ ಬಡ್ಡಿಗೇ ಹೋಗುತ್ತದೆ ಅಲ್ವಾ. ಮಲೆನಾಡು, ಕರಾವಳಿಯವರು ಮೇ ಮೊದಲ ವಾರದೊಳಗೇ ಒಣಗಿಸಿ ಮುಗಿಸಿಕೊಳ್ಳಿ.