ಗಂಬೂಟಿನ ನಂಬರ್ ಏರುತ್ತಿದೆಯೇ? ಅಕ್ರೋಮೆಗಲಿ ಪತ್ತೆ ಮಾಡುವುದು ಹೀಗೆ

ಗೋಣಿಕೊಪ್ಪದ ಒಂದು ಸಣ್ಣ ಲ್ಯಾಬಿನಲ್ಲಿ ಹದಿನೆಂಟು ವರ್ಷ ರಕ್ತ ತೆಗೆದವನು ನಾನು. ಒಮ್ಮೆ ಬಾಳೆಲೆ ಕಡೆಯ ಬೆಳೆಗಾರರೊಬ್ಬರು ದಪ್ಪ ಫೈಲ್ ಹಿಡಿದು ಬಂದರು. ಶುಗರ್‌ಗೆ ಒಬ್ಬ ಡಾಕ್ಟರ್, ಮಂಡಿನೋವಿಗೆ ಇನ್ನೊಬ್ಬರು, ಗೊರಕೆಗೆ ಮತ್ತೊಬ್ಬರು. ಕೈ ಜೋಮು ಹಿಡಿಯುತ್ತದೆಂದು ಮಣಿಕಟ್ಟಿಗೆ ಆಪರೇಷನ್ ಕೂಡ ಆಗಿತ್ತು. ಸೂಜಿ ಚುಚ್ಚುವಾಗ ನಾನು ಸುಮ್ನೆ ಕೇಳಿದೆ, 'ಉಂಗುರ ಹಾಕೋದಿಲ್ವಾ ಅಣ್ಣ?' 'ಬೆರಳಿಗೆ ಹೋಗೋದಿಲ್ಲ ಮಾರಾಯ. ಗಂಬೂಟೂ ಎಂಟು ನಂಬರ್ ಇದ್ದದ್ದು ಈಗ ಹತ್ತು. ಕಂಪನಿಯವರು ಅಳತೆ ಬದಲಾಯಿಸಿದ್ದಾರೆ' ಎಂದರು.

ಕಂಪನಿ ಅಳತೆ ಬದಲಾಯಿಸಿರಲಿಲ್ಲ. ಮೆದುಳಿನ ಬುಡದಲ್ಲಿ ಸುಮಾರು ಒಂದು ಕಾಫಿ ಬೀಜದಷ್ಟಿರುವ ಪಿಟ್ಯುಟರಿ ಗ್ರಂಥಿಯಲ್ಲಿ ಗಡ್ಡೆಯಾಗಿತ್ತು. ಅದು ಗ್ರೋತ್ ಹಾರ್ಮೋನನ್ನು ಜಾಸ್ತಿ ಸುರಿಸುತ್ತಿತ್ತು. ಈ ಗಡ್ಡೆ ಸಾಮಾನ್ಯವಾಗಿ ಕ್ಯಾನ್ಸರ್ ಅಲ್ಲ. ಮಕ್ಕಳಿಗೆ ಹೀಗಾದರೆ ಅತಿಯಾಗಿ ಎತ್ತರ ಬೆಳೆಯುತ್ತಾರೆ. ದೊಡ್ಡವರ ಮೂಳೆ ಉದ್ದಕ್ಕೆ ಬೆಳೆಯಲಾರದು. ಹಾಗಾಗಿ ಕೈ, ಕಾಲು, ಮೂಗು, ದವಡೆ ದಪ್ಪವಾಗುತ್ತವೆ. ಫ್ರಾನ್ಸಿನ ವೈದ್ಯ ಪಿಯರ್ ಮರಿ 1886ರಲ್ಲೇ ಇದಕ್ಕೆ ಅಕ್ರೋಮೆಗಲಿ ಎಂದು ಹೆಸರಿಟ್ಟರು. ಆದರೂ ಇವತ್ತಿಗೂ ಶುರುವಾಗಿ ಐದರಿಂದ ಹತ್ತು ವರ್ಷವಾದ ಮೇಲೆ ಗೊತ್ತಾಗುವುದೇ ಹೆಚ್ಚು. ಕಾಯಿಲೆ ಅಪರೂಪದ್ದು, ಬದಲಾವಣೆ ನಿಧಾನದ್ದು. ದಿನಾ ನೋಡುವ ಮನೆಯವರ ಕಣ್ಣಿಗೆ ಅದು ಬೀಳುವುದೇ ಇಲ್ಲ.

ಹಂತ 1: ಆಲ್ಬಂ ತೆಗೆಯಿರಿ

ಮದುವೆಯ ಫೋಟೊ, ಹಳೇ ಮತದಾರರ ಚೀಟಿ, ಡ್ರೈವಿಂಗ್ ಲೈಸೆನ್ಸ್, ಮಿಲಿಟರಿಯಲ್ಲಿದ್ದವರಾದರೆ ಅಲ್ಲಿನ ಫೋಟೊ, ಎಲ್ಲವನ್ನೂ ಮೇಜಿನ ಮೇಲೆ ವರ್ಷದ ಪ್ರಕಾರ ಸಾಲಾಗಿ ಇಡಿ. ಹುಬ್ಬಿನ ಮೂಳೆ ಉಬ್ಬಿದೆಯೇ, ಮೂಗು ಅಗಲವಾಗಿದೆಯೇ, ತುಟಿ ದಪ್ಪವಾಗಿದೆಯೇ, ಕೆಳದವಡೆ ಮುಂದೆ ಬಂದಿದೆಯೇ ನೋಡಿ. ಮೊಬೈಲ್ ಸೆಲ್ಫಿ ಬೇಡವೇ ಬೇಡ. ಹತ್ತಿರದಿಂದ ತೆಗೆದರೆ ಯಾರ ಮೂಗಾದರೂ ದೊಡ್ಡದಾಗಿಯೇ ಕಾಣುತ್ತದೆ. ಫಿಲ್ಟರ್ ಹಾಕಿದರಂತೂ ಮುಗಿಯಿತು.

ಹಂತ 2: ದೂರುಗಳೆಲ್ಲ ಒಂದೇ ಚೀಟಿಯಲ್ಲಿ

ವಿಪರೀತ ಬೆವರು, ಎಣ್ಣೆ ಚರ್ಮ, ತಲೆನೋವು, ಗೊರಕೆ, ನಿದ್ದೆಯಲ್ಲಿ ಉಸಿರು ಕಟ್ಟುವುದು, ದಪ್ಪಗಾದ ನಾಲಿಗೆ, ಗಡಸಾದ ದನಿ, ಹಲ್ಲುಗಳ ನಡುವೆ ಹೊಸ ಸಂದು, ಕೈ ಜೋಮು, ಕೀಲುನೋವು, ಬಿಪಿ, ಶುಗರ್, ಹೆಂಗಸರಲ್ಲಿ ಮುಟ್ಟಿನ ಏರುಪೇರು. ಇವುಗಳಲ್ಲಿ ಇರುವುದನ್ನೆಲ್ಲ ಬರೆಯಿರಿ. ಒಂದೊಂದೇ ಆದರೆ ಯಾರಿಗೂ ಬರುವಂಥದ್ದೇ. ತೂಕ ಏರಿದರೂ ಉಂಗುರ ಬಿಗಿಯಾಗುತ್ತದೆ, ಆದರೆ ತೂಕದಿಂದ ದವಡೆ ಮುಂದೆ ಬರುವುದಿಲ್ಲ. ಮೂರ್ನಾಲ್ಕು ಒಟ್ಟಿಗೆ ಇದ್ದು ಫೋಟೊವೂ ಹೌದು ಎನ್ನುತ್ತಿದ್ದರೆ ಮುಂದಿನ ಹಂತಕ್ಕೆ ಹೋಗಿ. ಎರಡೂ ಬದಿಯ ನೋಟ ಮಸುಕಾಗಿ, ಪಕ್ಕದಲ್ಲಿ ಬರುವ ಜೀಪು ಕಾಣದೇ ಹೋಗುತ್ತಿದ್ದರೆ ಚೀಟಿ ಬರೆಯುತ್ತಾ ಕೂರಬೇಡಿ. ಅವತ್ತೇ ಡಾಕ್ಟರ ಹತ್ತಿರ ಹೋಗಿ.

ಹಂತ 3: ಸರಿಯಾದ ರಕ್ತ ಪರೀಕ್ಷೆ

ಜನ ಎಡವುವುದು ಇಲ್ಲೇ. ಬಂದು 'ಗ್ರೋತ್ ಹಾರ್ಮೋನ್ ಟೆಸ್ಟ್ ಮಾಡಿ' ಎನ್ನುತ್ತಾರೆ. ಸುಮ್ನೆ ಒಂದು ಸಲ ರಕ್ತ ತೆಗೆದು ಅದನ್ನು ಅಳೆದರೆ ಏನೂ ತಿಳಿಯುವುದಿಲ್ಲ. ಆ ಹಾರ್ಮೋನ್ ನಮ್ಮ ಜುಲೈ ಮಳೆಯ ಹಾಗೆ. ಜೋರಾಗಿ ಸುರಿಯುತ್ತದೆ, ನಿಲ್ಲುತ್ತದೆ, ಮತ್ತೆ ಸುರಿಯುತ್ತದೆ. ಕಿಟಕಿಯಿಂದ ಒಂದು ಸಲ ಇಣುಕಿದರೆ ಇವತ್ತು ಎಷ್ಟು ಮಳೆಯಾಯಿತು ಎಂದು ಹೇಳಲಾಗುತ್ತದೆಯೇ? ಅದಕ್ಕೆ ಅಂಗಳದ ಮಳೆಮಾಪಕ ನೋಡಿ ಇಂಚು, ಸೆಂಟ್ ಬರೆದಿಡುತ್ತೇವೆ ಅಲ್ವಾ? ಇಲ್ಲಿ ಮಳೆಮಾಪಕದ ಕೆಲಸ ಮಾಡುವುದು ಐಜಿಎಫ್-1. ಗ್ರೋತ್ ಹಾರ್ಮೋನಿನ ಅಪ್ಪಣೆಯಂತೆ ಮುಖ್ಯವಾಗಿ ಲಿವರ್ ಇದನ್ನು ತಯಾರಿಸುತ್ತದೆ. ದಿನವಿಡೀ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುತ್ತದೆ. ಖಾಲಿ ಹೊಟ್ಟೆಯೂ ಬೇಕಿಲ್ಲ. ಡಾಕ್ಟರ್ ಹತ್ತಿರ ಐಜಿಎಫ್-1 ಎಂದೇ ಬರೆಸಿಕೊಳ್ಳಿ.

ವಯಸ್ಸು ಸರಿಯಾಗಿ ಹೇಳಿ. ಕೌಂಟರಿನಲ್ಲಿ ಮುಖ ನೋಡಿ ಅಂದಾಜು ವಯಸ್ಸು ಒತ್ತುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಐಜಿಎಫ್-1 ವಯಸ್ಸಾದಂತೆ ಇಳಿಯುತ್ತದೆ. 300 ಎಂಬ ಅಂಕಿ ಇಪ್ಪತ್ತರ ಹುಡುಗನಿಗೆ ಸಹಜ ಇರಬಹುದು, ಅರವತ್ತರವರಿಗೆ ಅದು ಜಾಸ್ತಿ. ವಯಸ್ಸು ತಪ್ಪಿದರೆ ರಿಪೋರ್ಟಿನ ಮಿತಿಯೂ ತಪ್ಪು.

ಇನ್ನೊಂದು ಮೋಸ ಇದೆ. ಶುಗರ್ ಹತೋಟಿಯಲ್ಲಿ ಇಲ್ಲದವರು, ಲಿವರ್ ಕಾಯಿಲೆಯವರು, ತೀರಾ ಸೊರಗಿದವರು, ಈಸ್ಟ್ರೊಜೆನ್ ಮಾತ್ರೆ ನುಂಗುವವರು, ಇವರಲ್ಲಿ ಐಜಿಎಫ್-1 ಸುಳ್ಳೇ ಕಡಿಮೆ ತೋರಿಸಬಹುದು. 'ನಾರ್ಮಲ್' ಎಂದು ಫೈಲ್ ಮುಚ್ಚಬೇಡಿ. ಶುಗರ್ ಇಳಿಸಿಕೊಂಡು ಮತ್ತೊಮ್ಮೆ ಮಾಡಿಸಿ. ಬಸುರಿಯಲ್ಲಿ, ಹರೆಯದಲ್ಲಿ ಅದು ಸಹಜವಾಗಿಯೇ ಏರಿರುತ್ತದೆ. ಒಂಚೂರು ಜಾಸ್ತಿ ಬಂದರೆ ಗಾಬರಿ ಬೇಡ, ಅದೇ ಲ್ಯಾಬಿನಲ್ಲಿ ಮತ್ತೆ ನೋಡಿ. ಲ್ಯಾಬ್ ಬದಲಾದರೆ ಅಳತೆಯೂ ಬದಲಾಗುತ್ತದೆ.

ಮತ್ತೆ ಆ ಆಫರ್ ಪ್ಯಾಕೇಜುಗಳು. 'ಫುಲ್ ಬಾಡಿ' ಎಂದು ಎಪ್ಪತ್ತು ಟೆಸ್ಟ್ ಪಟ್ಟಿ ಮಾಡಿರುತ್ತಾರೆ. ಅದರಲ್ಲಿ ಸಾಮಾನ್ಯವಾಗಿ ಐಜಿಎಫ್-1 ಇರುವುದೇ ಇಲ್ಲ. 'ಹಾರ್ಮೋನ್ ಬ್ಯಾಲೆನ್ಸ್' ಪುಡಿ ಮಾರುವವರಿಗೆ ಕೊಡುವ ದುಡ್ಡಿನಲ್ಲಿ ಈ ಒಂದು ಟೆಸ್ಟ್ ಮಾಡಿಸಿಕೊಳ್ಳಿ.

ಹಂತ 4: ಗ್ಲೂಕೋಸ್ ಕುಡಿಸಿ ನೋಡುವುದು

ಐಜಿಎಫ್-1 ಜಾಸ್ತಿ ಬಂದವರಿಗೆ ಹಾರ್ಮೋನ್ ಡಾಕ್ಟರ್, ಅಂದರೆ ಎಂಡೋಕ್ರಿನಾಲಜಿಸ್ಟ್, ಇದನ್ನು ಬರೆಯಬಹುದು. ರಾತ್ರಿ ಉಪವಾಸವಿದ್ದು ಬೆಳಿಗ್ಗೆ 75 ಗ್ರಾಂ ಗ್ಲೂಕೋಸ್ ಕುಡಿಯಬೇಕು. ಅದಕ್ಕೆ ಮೊದಲು ಒಂದು ಸಲ, ಆಮೇಲೆ ಎರಡು ಗಂಟೆ ಕಾಲ ಅರ್ಧ ಗಂಟೆಗೊಮ್ಮೆ ರಕ್ತ ತೆಗೆಯುತ್ತಾರೆ. ಸಕ್ಕರೆ ಏರಿದಾಗ ಆರೋಗ್ಯವಂತರಲ್ಲಿ ಗ್ರೋತ್ ಹಾರ್ಮೋನ್ ಮಿಲಿಲೀಟರಿಗೆ 1 ನ್ಯಾನೋಗ್ರಾಂಗಿಂತ ಕೆಳಗೆ ಇಳಿಯಬೇಕು. ಹೊಸ ಸೂಕ್ಷ್ಮ ಯಂತ್ರಗಳಲ್ಲಿ ಈ ಮಿತಿ 0.4. ಗಡ್ಡೆ ಇದ್ದರೆ ಅದು ಬಗ್ಗುವುದಿಲ್ಲ.

ಇಲ್ಲಿ ಆಗುವ ಎಡವಟ್ಟು ಕೇಳಿ. ಚೀಟಿಯಲ್ಲಿ ಜಿಟಿಟಿ, ಅಂದರೆ ಗ್ಲೂಕೋಸ್ ಕುಡಿಸಿ ಮಾಡುವ ಟೆಸ್ಟ್, ಎಂದು ಕಂಡ ಕೂಡಲೇ ಲ್ಯಾಬಿನವರು ಬಸುರಿಯರಿಗೆ ಮಾಡುವ ಹಾಗೆ ಬರೀ ಶುಗರ್ ಅಳೆದು ಕಳಿಸುತ್ತಾರೆ. ಪ್ರತಿ ಟ್ಯೂಬಿನಲ್ಲೂ ಗ್ರೋತ್ ಹಾರ್ಮೋನ್ ನೋಡುತ್ತೀರಾ ಎಂದು ಸೂಜಿ ಚುಚ್ಚುವ ಮೊದಲೇ ಕೇಳಿ. ಟ್ಯೂಬಿನ ಮೇಲೆ ಸಮಯ ಬರೆಸಿ. ಅಂಗಡಿಯ ಕಿತ್ತಳೆ ರುಚಿಯ ಪುಡಿ ಬೇಡ, ಲ್ಯಾಬಿನದೇ ಕುಡಿಯಿರಿ. ನಡುವೆ ಓಡಾಟ, ಸಿಗರೇಟು ಬೇಡ. ಒಬ್ಬರು ಮಧ್ಯದಲ್ಲಿ 'ಬರೀ ಬೆಲ್ಲದ ಕಾಫಿ ತಾನೇ' ಎಂದು ಎದುರಿನ ಹೋಟೆಲಿಗೆ ಹೋಗಿ ಬಂದು ಇಡೀ ಪರೀಕ್ಷೆ ಕೆಡಿಸಿದ್ದರು. ಶುಗರ್ ಕಾಯಿಲೆ ಜೋರಿರುವವರಿಗೆ ಸಾಮಾನ್ಯವಾಗಿ ಇದನ್ನು ಮಾಡುವುದಿಲ್ಲ. ಲಕ್ಷಣ ಸ್ಪಷ್ಟವಿದ್ದು ಐಜಿಎಫ್-1 ತುಂಬಾ ಜಾಸ್ತಿ ಇದ್ದರೂ ಕೆಲವು ಡಾಕ್ಟರುಗಳು ಇದನ್ನು ಬಿಟ್ಟುಬಿಡುತ್ತಾರೆ.

ನನ್ನನ್ನು ಕೇಳಿದರೆ ಐಜಿಎಫ್-1ಕ್ಕೆ ಇಲ್ಲೇ ರಕ್ತ ಕೊಡಿ, ಈ ಪರೀಕ್ಷೆಗೆ ಮಾತ್ರ ಮೈಸೂರಿಗೋ ಮಂಗಳೂರಿಗೋ ಹೋಗಿ. ಐದು ಟ್ಯೂಬುಗಳನ್ನು ತಣ್ಣಗಿಟ್ಟು ಘಾಟಿ ದಾಟಿಸಬೇಕು. ಕರೆಂಟ್ ಇಲ್ಲದ ಮಳೆಗಾಲದಲ್ಲಿ ನಾನಂತೂ ಒಪ್ಪುತ್ತಿರಲಿಲ್ಲ.

ಹಂತ 5: ಎಂಆರ್‌ಐ

ಕಾಂಟ್ರಾಸ್ಟ್ ಔಷಧಿ ಕೊಟ್ಟು ಪಿಟ್ಯುಟರಿಯ ಎಂಆರ್‌ಐ. ಇದನ್ನೇ ಮೊದಲು ಮಾಡಿಸುವ ಆತುರ ಬೇಡ. ಹತ್ತರಲ್ಲಿ ಒಬ್ಬರಿಗೆ ಅಲ್ಲಿ ಏನೂ ತೊಂದರೆ ಕೊಡದ ಸಣ್ಣ ಗಡ್ಡೆ ಇರಬಹುದು. ಅದನ್ನು ನೋಡಿ ನಿದ್ದೆ ಕೆಡುವುದು ಬಿಟ್ಟರೆ ಲಾಭವಿಲ್ಲ. ಗಡ್ಡೆ 10 ಮಿಲಿಮೀಟರ್ ಅಥವಾ ಅದಕ್ಕಿಂತ ದೊಡ್ಡದಿದ್ದರೆ ಅದನ್ನು ಮ್ಯಾಕ್ರೊ ಎನ್ನುತ್ತಾರೆ. ಅದು ಕಣ್ಣಿನ ನರಕ್ಕೆ ತಾಗಿದ್ದರೆ ನೋಟದ ಅಗಲ ಅಳೆಯುವ ಪರೀಕ್ಷೆಯೂ ಆಗಬೇಕು.

ಗಡ್ಡೆಯನ್ನು ಸಾಮಾನ್ಯವಾಗಿ ಮೂಗಿನ ಮೂಲಕ ತೆಗೆಯುತ್ತಾರೆ. ಸರ್ಜನ್ ಹತ್ತಿರ ಹೋಗುವಾಗ ಎಂಆರ್‌ಐ ರಿಪೋರ್ಟ್ ಮಾತ್ರ ಸಾಲದು, ಸಿಡಿಯನ್ನೂ ಒಯ್ಯಿರಿ. ಹಳೇ ಫೋಟೊಗಳನ್ನೂ ಒಯ್ಯಿರಿ. ಆ ಉಂಗುರವನ್ನು ಮಾತ್ರ ಅಕ್ಕಸಾಲಿಗರಿಗೆ ಕೊಟ್ಟು ದೊಡ್ಡದು ಮಾಡಿಸಲು ಹೋಗಬೇಡಿ. ಬೆಳೆದ ಮೂಳೆ ಹಿಂದಕ್ಕೆ ಹೋಗುವುದಿಲ್ಲ ನಿಜ. ಆದರೆ ಹಾರ್ಮೋನ್ ಇಳಿದ ಮೇಲೆ ಬೆರಳಿನ ಊತ ಇಳಿಯುತ್ತದೆ. ಬಾಳೆಲೆಯವರು ಮರು ವರ್ಷ ಪುತ್ತರಿ ಹಬ್ಬಕ್ಕೆ ಅದೇ ಉಂಗುರ ಹಾಕಿಕೊಂಡಿದ್ದರು. ಗಂಬೂಟು ಮಾತ್ರ ಹತ್ತೇ.